ಬೇಲಿ ಮೆಳೆಯಲ್ಲಿ ಕಂಡ ಕಾಡುಪಾಪ: ಇದು ಯಾವ ಪ್ರಾಣಿ, ಬೇಲಿ ಕಿತ್ತರೆ ಏನಾಗುತ್ತದೆ?

ಪ್ರಶ್ನೆ: ನಾವು ನಾಗಮಂಗಲ ತಾಲ್ಲೂಕಿನವರು. ಹೋದ ತಿಂಗಳು ರಾತ್ರಿ ಹಂದಿ ಕಾಯಲು ರಾಗಿ ಹೊಲಕ್ಕೆ ಹೋಗಿದ್ದೆವು. ಬೇಲಿಯ ಜಾಲಿ ಮರದಲ್ಲಿ ಎರಡು ಕೆಂಪು ಕಣ್ಣು ಹೊಳೆದವು. ಟಾರ್ಚ್ ಹಾಕಿ ನೋಡಿದರೆ ಅಳಿಲಿಗಿಂತ ಸ್ವಲ್ಪ ದೊಡ್ಡದು. ಬಾಲವೇ ಇಲ್ಲ. ಕಣ್ಣು ಎರಡೂ ಮುಂದಕ್ಕೇ ಇವೆ, ಕೈ ಮಾತ್ರ ಮಂಗನ ಮರಿಯದ್ದು ಅನ್ನಿಸಿತು. ಬೆಳಕು ಬಿದ್ದರೂ ಓಡಲಿಲ್ಲ, ನಿಧಾನಕ್ಕೆ ಕೊಂಬೆ ಹಿಡಿದುಕೊಂಡು ಒಳಗೆ ಸರಿಯಿತು. ನಮ್ಮ ಅತ್ತೆ "ಅದು ಕಾಡುಪಾಪ, ಹೊಲದಲ್ಲಿ ಕಂಡರೆ ಒಳ್ಳೇದಲ್ಲ" ಅಂತಾರೆ. ನಮ್ಮ ಯಜಮಾನರು ಆ ಹಳೇ ಬೇಲಿಯನ್ನೆಲ್ಲ ಜೆಸಿಬಿಯಲ್ಲಿ ಕೀಳಿಸಿ, ಕಲ್ಲುಕಂಬ ನೆಟ್ಟು ತಂತಿ ಹಾಕಿಸಬೇಕು ಅಂತಿದ್ದಾರೆ. ಅದು ನಿಜವಾಗಿ ಯಾವ ಪ್ರಾಣಿ? ಬೆಳೆಗೆ, ಕೋಳಿಗೆ ತೊಂದರೆ ಮಾಡುತ್ತಾ? ಬೇಲಿ ಕಿತ್ತರೆ ಬೇರೆ ಕಡೆ ಹೋಗಿ ಬದುಕಿಕೊಳ್ಳುತ್ತಾ? ಮಕ್ಕಳಿಗೆ ತೋರಿಸಬಹುದಾ?

ಉತ್ತರ: ನಿಮ್ಮ ಅತ್ತೆಯವರು ಹೇಳಿದ ಹೆಸರು ಸರಿ. ನೀವು ಕಂಡದ್ದು ಕಾಡುಪಾಪವೇ. ಬಾಲ ಇಲ್ಲ, ಕಣ್ಣು ಮುಂದಕ್ಕಿವೆ, ಬೆಳಕು ಬಿದ್ದರೂ ಓಡಲಿಲ್ಲ, ಕೊಂಬೆ ಬಿಡದೆ ಸರಿದು ಹೋಯಿತು. ಇವೆಲ್ಲ ಒಟ್ಟಿಗೆ ಸೇರುವ ಇನ್ನೊಂದು ಪ್ರಾಣಿ ನಮ್ಮ ಬಯಲುಸೀಮೆಯಲ್ಲಿ ಇಲ್ಲ. ಬೆಳೆಯನ್ನು ಅದು ಮುಟ್ಟುವುದಿಲ್ಲ, ಕೋಳಿ ತಂಟೆಗೂ ಬರುವುದಿಲ್ಲ. ಆದರೆ ಬೇಲಿ ಕಿತ್ತರೆ ಬೇರೆ ಕಡೆ ಹೋಗಿ ಬದುಕಿಕೊಳ್ಳುವುದು ಅದಕ್ಕೆ ಬಹಳ ಕಷ್ಟ. ಆದ್ದರಿಂದ ಜೆಸಿಬಿಗೆ ಹೇಳುವ ಮೊದಲು ದಯವಿಟ್ಟು ಇದನ್ನು ಯಜಮಾನರಿಗೂ ಓದಿ ಹೇಳಿ.

ಮೊದಲು ಅದು ಯಾವ ಜಾತಿ ಅಂತ ನೋಡೋಣ. ಕೈ ನೋಡಿ ಮಂಗನ ಮರಿ ಅಂದುಕೊಂಡಿರಿ, ಅದು ಪೂರ್ತಿ ತಪ್ಪಲ್ಲ. ಮಂಗ, ಮುಸಿಯ, ಮನುಷ್ಯ, ಕಾಡುಪಾಪ ಎಲ್ಲ ಒಂದೇ ದೊಡ್ಡ ಗುಂಪಿನವು. ಆದರೆ ಮಂಗಗಳ ಕವಲು ಬೇರೆ, ಇದರದ್ದು ಬೇರೆ. ಕಾಡುಪಾಪದ ದೂರದ ನೆಂಟರು ಮಡಗಾಸ್ಕರ್ ದ್ವೀಪದ ಲೀಮರ್‌ಗಳು ಮತ್ತು ಆಫ್ರಿಕಾದ ಬುಷ್‌ಬೇಬಿಗಳು. ಮಂಗನ ಮೂಗು ಒಣಗಿರುತ್ತದೆ, ಇದರ ಮೂಗಿನ ತುದಿ ಯಾವಾಗಲೂ ಒದ್ದೆ. ಮಂಗ ಹಗಲಿನ ಪ್ರಾಣಿ, ಇದು ಅಪ್ಪಟ ರಾತ್ರಿಯದ್ದು. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ನೆಂಟ ಅಂದರೆ ಈಶಾನ್ಯ ರಾಜ್ಯಗಳ ಕಾಡಿನಲ್ಲಿರುವ ಸ್ಲೋ ಲೋರಿಸ್. ಅದು ದಪ್ಪ, ಗುಂಡಗೆ ಇರುತ್ತದೆ. ನಮ್ಮದು ಬಲು ಸಣಕಲು. ಹಾಗಾಗಿಯೇ ಇದನ್ನು ಸ್ಲೆಂಡರ್ ಲೋರಿಸ್ ಅನ್ನುತ್ತಾರೆ. ವೈಜ್ಞಾನಿಕ ಹೆಸರು ಲೋರಿಸ್ ಲಿಡೆಕ್ಕೇರಿಯಾನಸ್. ಆ ಹೆಸರು ಬಿದ್ದದ್ದು 1908ರಲ್ಲಿ.

ಕರ್ನಾಟಕದಲ್ಲಿ ಇದರ ಎರಡು ಬಗೆ ಇವೆ. ಪಶ್ಚಿಮಘಟ್ಟದ ಮಳೆಕಾಡಿನ ಕಡೆಯದು ಮಲಬಾರ್ ಕಾಡುಪಾಪ. ಮೈ ಸ್ವಲ್ಪ ಕೆಂಪು, ಗಾತ್ರದಲ್ಲೂ ಚಿಕ್ಕದು. ಬಯಲಿನ ಒಣ ಕುರುಚಲಿನಲ್ಲಿ ಇರುವುದು ಬೂದು ಬಣ್ಣದ್ದು. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ಮೈಸೂರು ಕಾಡುಪಾಪ. ಹಳೇ ಮೈಸೂರು ಸೀಮೆಯಿಂದ ಆಂಧ್ರ, ತಮಿಳುನಾಡಿನ ಒಣ ಪ್ರದೇಶದವರೆಗೆ ಇದೆ. ನಿಮ್ಮ ಹೊಲದ್ದು ಈ ಎರಡನೆಯದೇ.

ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಪೂರ್ತಿ ಕಂಡಿರಲಾರದು. ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ತಲೆಯಿಂದ ಬೆನ್ನಿನ ಕೊನೆಯವರೆಗೆ 18ರಿಂದ 26 ಸೆಂಟಿಮೀಟರ್. ತೂಕ ಸಾಮಾನ್ಯವಾಗಿ 300 ಗ್ರಾಂ ಒಳಗೆ. ಬೆನ್ನು ಬೂದು, ಹೊಟ್ಟೆ ಮಾಸಲು ಬಿಳಿ. ಕೂದಲು ಗಿಡ್ಡ, ಮೃದು, ಒತ್ತಾಗಿರುತ್ತದೆ. ಕೈಕಾಲು ಪೆನ್ಸಿಲಿನಷ್ಟೇ ದಪ್ಪ, ದೇಹಕ್ಕೆ ಹೋಲಿಸಿದರೆ ಬಹಳ ಉದ್ದ. ಮುಖ ಮೇಲೆ ಅಗಲ, ಕೆಳಗೆ ಚೂಪು. ಕಣ್ಣಿನ ಸುತ್ತ ಕಂದು ಬಣ್ಣದ ದೊಡ್ಡ ಉಂಗುರ. ಎರಡು ಉಂಗುರಗಳ ನಡುವೆ ಹಣೆಯಿಂದ ಮೂಗಿನವರೆಗೆ ಒಂದು ಬಿಳಿ ಪಟ್ಟೆ ಇಳಿದಿರುತ್ತದೆ. ಕಿವಿ ತೆಳ್ಳಗೆ, ಹೆಚ್ಚು ಕೂದಲಿಲ್ಲದೆ ಎದ್ದು ನಿಂತಿರುತ್ತವೆ. ಬಾಲದ ಜಾಗದಲ್ಲಿ ಹೊರಗೆ ಕಾಣುವಂಥದ್ದು ಏನೂ ಇಲ್ಲ. ಪುನುಗಿನ ಬೆಕ್ಕಿನ ಮರಿಯನ್ನು ಕಂಡು ಕಾಡುಪಾಪ ಅಂದುಕೊಳ್ಳುವವರಿದ್ದಾರೆ. ಬಾಲ ನೋಡಿದರೆ ಸಾಕು, ಪುನುಗಿನ ಬೆಕ್ಕಿಗೆ ಉದ್ದನೆಯ ಬಾಲವಿದೆ.

ಕಣ್ಣಿನ ವಿಷಯ ಸ್ವಲ್ಪ ಹೇಳಲೇಬೇಕು. ನೀವು ಕಂಡ ಕೆಂಪು ಹೊಳಪು ಕಣ್ಣಿನ ಬಣ್ಣವಲ್ಲ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮತ್ತೆ ಮುಂದಕ್ಕೆ ತಳ್ಳುವ ಒಂದು ಪದರ ಇದೆ. ಒಳಗೆ ಬಂದ ಚೂರು ಬೆಳಕು ಕಣ್ಣೊಳಗಿನ ಬೆಳಕು ಗ್ರಹಿಸುವ ಪರದೆಯನ್ನು ಒಂದು ಸಲ ದಾಟುತ್ತದೆ, ಆ ಪದರಕ್ಕೆ ಬಡಿದು ಇನ್ನೊಂದು ಸಲ ದಾಟುತ್ತದೆ. ಅಮಾವಾಸ್ಯೆಯ ಹೊತ್ತಿನಲ್ಲೂ ಹೀಗಾಗಿಯೇ ಅದಕ್ಕೆ ದಾರಿ ಕಾಣುತ್ತದೆ. ಟಾರ್ಚ್ ಹಾಕಿದಾಗ ಆ ಪದರದಿಂದ ವಾಪಸು ಬಂದ ಬೆಳಕೇ ನಿಮಗೆ ಕೆಂಪಗೆ ಕಂಡದ್ದು. ಹಸು, ಬೆಕ್ಕಿನ ಕಣ್ಣಲ್ಲೂ ಇಂಥ ಪದರ ಇದೆ. ಆದರೆ ಹಸುವಿನ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಕಾಡುಪಾಪದ್ದು ಎರಡೂ ಒಂದೇ ಕಡೆ ನೋಡುತ್ತವೆ, ಹತ್ತಿರ ಹತ್ತಿರ ಇವೆ. ಎರಡೂ ಕಣ್ಣು ಒಂದೇ ಹುಳುವಿನ ಮೇಲೆ ನೆಟ್ಟರೆ ಆ ಹುಳು ಎಷ್ಟು ದೂರದಲ್ಲಿದೆ ಅಂತ ಕರಾರುವಾಕ್ಕಾಗಿ ಗೊತ್ತಾಗುತ್ತದೆ. ಕೈಯಲ್ಲಿ ಹಿಡಿದು ತಿನ್ನುವ ಪ್ರಾಣಿಗೆ ಇದು ಬಹಳ ಮುಖ್ಯ.

ಇನ್ನು ಆ ಕೈ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಎದುರು ಕಡೆ. ತೋರುಬೆರಳು ಮಾತ್ರ ಮೋಟು. ಅದು ಚಿಕ್ಕದಾಗಿರುವುದರಿಂದ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಅಗಲ ಜಾಗ ಸಿಗುತ್ತದೆ, ಕೊಂಬೆ ಇಕ್ಕಳದಲ್ಲಿ ಸಿಕ್ಕಿದ ಹಾಗೆ ಹಿಡಿತಕ್ಕೆ ಬರುತ್ತದೆ. ಕಾಲೂ ಹಾಗೇ ಹಿಡಿಯುತ್ತದೆ. ಕೈಕಾಲಿಗೆ ಹೋಗುವ ರಕ್ತನಾಳಗಳು ಸಣ್ಣ ಸಣ್ಣ ಎಳೆಗಳಾಗಿ ಸೀಳಿ ಒಂದು ಬಲೆಯಾಗಿ ಹೆಣೆದುಕೊಂಡಿರುತ್ತವೆ. ಗಂಟೆಗಟ್ಟಲೆ ಒಂದೇ ಕೊಂಬೆ ಬಿಗಿಯಾಗಿ ಹಿಡಿದಿದ್ದರೂ ಕೈ ಜೋಮು ಹಿಡಿಯದಿರಲು ಈ ಏರ್ಪಾಡು ಕಾರಣ ಅನ್ನುತ್ತಾರೆ ವಿಜ್ಞಾನಿಗಳು. ಕಾಲಿನ ಎರಡನೇ ಬೆರಳಿನಲ್ಲಿ ಮಾತ್ರ ಉದ್ದನೆಯ ಉಗುರು, ಅದು ಮೈ ಕೆರೆದುಕೊಳ್ಳಲು. ಕೆಳದವಡೆಯ ಮುಂದಿನ ಹಲ್ಲುಗಳು ಒತ್ತಾಗಿ ಮುಂದಕ್ಕೆ ಚಾಚಿ ಬಾಚಣಿಗೆಯಾಗಿವೆ. ಕೂದಲು ಬಾಚಿಕೊಳ್ಳುವುದಕ್ಕೂ, ಜಾಲಿ ಮರದ ಅಂಟು ಕೆರೆದು ತಿನ್ನುವುದಕ್ಕೂ ಅದೇ.

ಈಗ ನಿಮ್ಮ ಕೋಳಿ, ಬೆಳೆಯ ವಿಷಯ. ಇದು ಮುಖ್ಯವಾಗಿ ಹುಳ ತಿನ್ನುವ ಪ್ರಾಣಿ. ಅನ್ನಾ ನೆಕಾರಿಸ್ ಅನ್ನುವ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ ತಮಿಳುನಾಡಿನ ದಿಂಡಿಗಲ್ ಹತ್ತಿರದ ಅಯ್ಯಲೂರಿನಲ್ಲಿ ರಾತ್ರಿಯೆಲ್ಲ ಇವುಗಳ ಹಿಂದೆ ಅಲೆದು ಏನೇನು ತಿನ್ನುತ್ತವೆ ಅಂತ ಬರೆದಿಟ್ಟರು. ಅಲ್ಲಿಯದೂ ನಮ್ಮ ಮೈಸೂರು ಕಾಡುಪಾಪದ ಬಗೆಯೇ. ತಿಂದದ್ದರಲ್ಲಿ ಶೇಕಡಾ 96ರಷ್ಟು ಹುಳಹುಪ್ಪಟೆ ಮತ್ತು ಸಣ್ಣ ಜೀವಿಗಳು. ಅದರಲ್ಲೂ ಇರುವೆ, ಗೆದ್ದಲು ಜಾಸ್ತಿ. ಜೊತೆಗೆ ಜೀರುಂಡೆ, ಪತಂಗ, ಮಿಡತೆ, ಆಗೊಮ್ಮೆ ಈಗೊಮ್ಮೆ ಹಲ್ಲಿ. ಸ್ವಲ್ಪ ಮರದ ಅಂಟು. ರಾಗಿ ತೆನೆ, ಅವರೆಕಾಯಿ, ತೆಂಗಿನಕಾಯಿ ಯಾವುದೂ ಅದಕ್ಕೆ ಬೇಡ. 300 ಗ್ರಾಂ ತೂಗದ ಪ್ರಾಣಿ ನಿಮ್ಮ ಕೋಳಿಗೆ ಏನು ಮಾಡೀತು? ಕೋಳಿ ಹೋಗಿದ್ದರೆ ಮುಂಗುಸಿ, ಕಾಡುಬೆಕ್ಕು, ಬೀದಿನಾಯಿ ಕಡೆ ನೋಡಿ.

ಹಾಗಂತ ಹೊಲದ ಕೀಟವನ್ನೆಲ್ಲ ತಿಂದು ಮುಗಿಸುತ್ತದೆ ಅಂತ ನಾನು ಹೇಳುವುದಿಲ್ಲ. ರೈತನ ಮಿತ್ರ ಅನ್ನುವ ಹಣೆಪಟ್ಟಿ ಅಂಟಿಸಿದರೆ ಮಾತ್ರ ಪ್ರಾಣಿಯನ್ನು ಉಳಿಸಬೇಕು ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಅದು ತನ್ನ ಪಾಡಿಗೆ ಬದುಕಿದೆ, ನಿಮಗೆ ನಷ್ಟ ಮಾಡಿಲ್ಲ. ನನಗೆ ಅಷ್ಟು ಸಾಕು.

ಅದು ಬೇಟೆಯಾಡುವುದನ್ನು ಪಾಂಡವಪುರದ ಕಡೆ ಒಂದು ಹಳೇ ಕಳ್ಳಿ ಬೇಲಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಬೇಲಿಗೆ ಸೇರಿದಂತೆ ಒಂದು ಬಿಳಿಜಾಲಿ. ಅದರ ತುದಿ ಕೊಂಬೆಯಲ್ಲಿ ಒಂದು ಪತಂಗ ಕೂತಿತ್ತು. ಕಾಡುಪಾಪ ಎರಡು ಮಾರು ದೂರದಲ್ಲಿತ್ತು. ಒಂದು ಕೈ ಮುಂದಿಟ್ಟಿತು, ಬಿಗಿ ಹಿಡಿಯಿತು, ಆಮೇಲೆ ಎದುರಿನ ಕಾಲು. ಒಂದು ಎಲೆಯೂ ಅಲುಗಲಿಲ್ಲ. ಮುಳ್ಳುಗಳ ನಡುವೆ ಬೆರಳಿಡುವ ಜಾಗವನ್ನು ಮೂಗಿನಲ್ಲಿ ಮೂಸಿ ನೋಡಿಯೇ ಇಡುತ್ತಿತ್ತು. ಹತ್ತಿರ ಬಂದ ಮೇಲೆ ನಿಂತುಬಿಟ್ಟಿತು. ಎಷ್ಟು ಹೊತ್ತು ನಿಂತಿತೆಂದರೆ ಅದು ಬೇಟೆ ಮರೆತಿದೆ ಅಂತ ನನಗೆ ಅನ್ನಿಸಿತು. ಆಮೇಲೆ ಹಿಂಗಾಲು ಎರಡರಲ್ಲೂ ಕೊಂಬೆ ಹಿಡಿದು ಮೈ ಪೂರ್ತಿ ಮುಂದಕ್ಕೆ ಚಾಚಿತು, ಎರಡೂ ಕೈ ಒಟ್ಟಿಗೆ ಬೀಸಿತು. ಅಷ್ಟು ನಿಧಾನದ ಪ್ರಾಣಿಯಲ್ಲಿ ಅಷ್ಟು ಚುರುಕು ಎಲ್ಲಿತ್ತೋ. ಪತಂಗವನ್ನು ರೆಕ್ಕೆ ಸಮೇತ ಕರಕರ ಅಗಿಯುವ ಸದ್ದು ಕೆಳಗಿದ್ದ ನನಗೂ ಕೇಳಿಸಿತು. ತಿನ್ನುವಾಗ ಕಣ್ಣು ಮುಚ್ಚಿಕೊಂಡಿತ್ತು.

ಗಬ್ಬು ನಾರುವ, ಕಚ್ಚುವ, ಉರಿ ಬರಿಸುವ ಹುಳಗಳನ್ನೂ ಇದು ಬಿಡುವುದಿಲ್ಲ. ಅಂಥವನ್ನು ತಿನ್ನುವಾಗ ಸೀನುತ್ತದೆ, ಜೊಲ್ಲು ಸುರಿಸುತ್ತದೆ, ತಲೆ ಒದರುತ್ತದೆ, ಆದರೂ ತಿಂದು ಮುಗಿಸುತ್ತದೆ. ಇನ್ನೊಂದು ಅಭ್ಯಾಸ ಇದೆ. ತನ್ನ ಉಚ್ಚೆಯನ್ನೇ ಅಂಗೈಗೆ, ಅಂಗಾಲಿಗೆ ಹಚ್ಚಿ ಉಜ್ಜಿಕೊಳ್ಳುತ್ತದೆ. ಇರುವೆ ಕಚ್ಚಿದ ಉರಿ ತಣಿಯಲು ಅಂತ ಕೆಲವರು, ಕೊಂಬೆ ಮೇಲೆ ತನ್ನ ವಾಸನೆ ಬಿಡಲು ಅಂತ ಕೆಲವರು, ಹಿಡಿತ ಗಟ್ಟಿಯಾಗಲು ಅಂತ ಇನ್ನು ಕೆಲವರು ಹೇಳುತ್ತಾರೆ. ವಾಸನೆ ಬಿಡುವುದಂತೂ ನಿಜ. ಕತ್ತಲಲ್ಲಿ ಬದುಕುವ ಪ್ರಾಣಿಗೆ ಬೇಲಿಯ ಒಂದೊಂದು ಕೊಂಬೆಯೂ ಯಾರು ಬಂದಿದ್ದರು, ಯಾವಾಗ ಹೋದರು ಅನ್ನುವ ಸುದ್ದಿ ಹೇಳುತ್ತದೆ.

ಇದು ಒಂಟಿ ಪ್ರಾಣಿ ಅಂತ ಬಹಳ ಕಾಲ ಅಂದುಕೊಂಡಿದ್ದರು. ರಾತ್ರಿ ಹುಳ ಹುಡುಕುವಾಗ ಒಂಟಿಯೇ, ಅದು ನಿಜ. ಆದರೆ ಹಗಲು ಮಲಗುವುದು ಹೆಚ್ಚಾಗಿ ಜೊತೆಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಿಂಧು ರಾಧಾಕೃಷ್ಣ ಅವರು ದಿಂಡಿಗಲ್ ಕಡೆಯ ಕಾಡುಪಾಪಗಳನ್ನು ಬಹಳ ಕಾಲ ಗಮನಿಸಿ ಇವುಗಳ ಸಂಸಾರದ ಬಗ್ಗೆ ಬರೆದಿದ್ದಾರೆ. ನಮ್ಮ ಮಾನಸಗಂಗೋತ್ರಿಯಿಂದ ಹೊರಟ ಕೆಲಸ ಇದು, ಮೈಸೂರಿನವರಿಗೇ ಇದು ಜಾಸ್ತಿ ಗೊತ್ತಿಲ್ಲ ಅನ್ನುವುದು ನನಗೆ ಬೇಸರದ ವಿಷಯ. ತಾಯಿ, ಮರಿಗಳು, ಕೆಲವೊಮ್ಮೆ ಗಂಡು, ಎಲ್ಲ ಮುಳ್ಳು ಮೆಳೆಯ ಒಳಗೆ ಒಂದಕ್ಕೊಂದು ಅಂಟಿಕೊಂಡು, ತಲೆಯನ್ನು ತೊಡೆ ಸಂದಿಗೆ ತೂರಿಸಿ ಮಲಗುತ್ತವೆ. ಗೂಡು ಕಟ್ಟುವುದಿಲ್ಲ. ಹಗಲಲ್ಲಿ ನೋಡಿದರೆ ಒಣಗಿದ ಬಳ್ಳಿ ಸುತ್ತಿಕೊಂಡಿದೆ ಅನ್ನಿಸಬೇಕು, ಹಾಗಿರುತ್ತದೆ. ಸಂಜೆ ಕತ್ತಲಾಗುತ್ತಿದ್ದ ಹಾಗೆ ಎದ್ದು, ಮೈ ನೆಕ್ಕಿ ಬಾಚಿಕೊಂಡು, ಒಂದೊಂದು ಒಂದೊಂದು ದಿಕ್ಕಿಗೆ ಹೋಗುತ್ತವೆ. ದೂರ ಇದ್ದಾಗ ಒಂದನ್ನೊಂದು ಕರೆಯಲು ಸಿಳ್ಳೆಯಂಥ ಕೂಗು ಹಾಕುತ್ತವೆ. ಬೇಲಿ ಕಡೆಯಿಂದ ರಾತ್ರಿ ಚೂಪಾದ ಸಿಳ್ಳೆ ಕೇಳಿಸಿ ಯಾವ ಹಕ್ಕಿಯೋ ಅಂದುಕೊಂಡಿದ್ದರೆ ಇನ್ನೊಮ್ಮೆ ಕಿವಿಗೊಟ್ಟು ಕೇಳಿ.

ಬಸಿರು ಸುಮಾರು ಐದೂವರೆ ತಿಂಗಳು. ಅಷ್ಟು ಚಿಕ್ಕ ದೇಹಕ್ಕೆ ಇದು ತುಂಬಾ ದೀರ್ಘ. ಒಂದು ಮರಿ ಅಥವಾ ಅವಳಿ. ಅವಳಿ ಸಾಮಾನ್ಯ. ಮೊದಲ ಕೆಲವು ವಾರ ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಆಮೇಲೆ ತಾಯಿ ಸಂಜೆ ಮರಿಯನ್ನು ಒಂದು ಕೊಂಬೆಯಲ್ಲಿ ಬಿಟ್ಟು ಬೇಟೆಗೆ ಹೋಗುತ್ತಾಳೆ, ಬೆಳಗಿನ ಜಾವ ಬಂದು ಕರೆದೊಯ್ಯುತ್ತಾಳೆ. ಈ ನಡುವೆ ಗುಂಪಿನ ಗಂಡುಗಳು ಬಂದು ಮರಿಯ ಜೊತೆ ಆಡುವುದು, ಮೈ ನೆಕ್ಕುವುದು ಉಂಟು. ಇದನ್ನು ಯಾಕೆ ಬಿಡಿಸಿ ಹೇಳಿದೆ ಅಂದರೆ, ಕೊಂಬೆಯಲ್ಲಿ ಒಂಟಿ ಮರಿ ಕಂಡು "ಅಯ್ಯೋ ಪಾಪ, ತಾಯಿ ಬಿಟ್ಟು ಹೋಗಿದೆ" ಅಂತ ಮನೆಗೆ ತರುವವರಿದ್ದಾರೆ. ತಾಯಿ ಬಿಟ್ಟು ಹೋಗಿರುವುದಿಲ್ಲ, ಬರುತ್ತಾಳೆ. ನೀವು ತಂದರೆ ಮಾತ್ರ ಅದು ತಬ್ಬಲಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ.

ಕಾಡುಪಾಪಕ್ಕೆ ನೆಗೆಯಲು ಬರುವುದಿಲ್ಲ. ಅಳಿಲು ಒಂದು ಮರದಿಂದ ಇನ್ನೊಂದಕ್ಕೆ ಹಾರುತ್ತದೆ, ಮಂಗ ಹಾರುತ್ತದೆ. ಇದು ಹಾರುವುದೇ ಇಲ್ಲ. ಒಂದು ಕೊಂಬೆಯನ್ನು ಹಿಂಗಾಲಲ್ಲಿ ಹಿಡಿದು, ಕೈ ಚಾಚಿ ಮುಂದಿನದು ಸಿಕ್ಕಿದರೆ ಮಾತ್ರ ದಾಟುತ್ತದೆ. ಸಿಗದಿದ್ದರೆ ಕೆಳಗಿಳಿದು ನೆಲದ ಮೇಲೆ ನಡೆಯಬೇಕು. ನೆಲದ ಮೇಲೆ ಅದು ಏನೂ ಅಲ್ಲ. ಮರದ ಮೇಲೆ ಅಷ್ಟು ನಾಜೂಕಾಗಿ ಚಲಿಸುವ ಕೈಕಾಲು ಅಲ್ಲಿ ತಡವರಿಸುತ್ತವೆ. ನಾಯಿ ಹಿಡಿಯುತ್ತದೆ, ರಸ್ತೆಯಾದರೆ ಬೈಕು, ಟ್ರ್ಯಾಕ್ಟರ್ ಹತ್ತುತ್ತವೆ. ಕೆಲವು ಸಲ ಕೊಂಬೆ ಸಿಗದೆ ಕರೆಂಟ್ ತಂತಿ ಹಿಡಿದು ದಾಟಲು ಹೋಗಿ ಸುಟ್ಟು ಬೀಳುತ್ತವೆ.

ಆದ್ದರಿಂದಲೇ ಇದಕ್ಕೆ ದೊಡ್ಡ ಕಾಡಿಗಿಂತ ಒತ್ತಾದ, ಸಿಕ್ಕುಸಿಕ್ಕಾದ ಮೆಳೆ ಬೇಕು. ಜಾಲಿ, ಕಳ್ಳಿ, ಸೀಗೆ, ಲಂಟಾನ, ಹೊಂಗೆ, ಹುಣಸೆ, ಬಿದಿರು, ಅವುಗಳ ಮೇಲೆ ಹಬ್ಬಿದ ಬಳ್ಳಿಗಳು. ಒಂದು ಹೆಣ್ಣು ಓಡಾಡುವ ಜಾಗ ಹೆಚ್ಚೆಂದರೆ ಒಂದೆರಡು ಹೆಕ್ಟೇರ್, ಅಂದರೆ ಮೂರು ನಾಲ್ಕು ಎಕರೆ ಲೆಕ್ಕ. ಗಂಡು ಅದರ ಎರಡರಷ್ಟು ಸುತ್ತುತ್ತದೆ. ಅಷ್ಟು ಕಡಿಮೆ ಜಾಗ ಸಾಕು ಅನ್ನುವುದು ಒಳ್ಳೆಯ ಸುದ್ದಿ. ಕೆಟ್ಟ ಸುದ್ದಿ ಏನಂದರೆ, ಆ ಮೂರು ನಾಲ್ಕು ಎಕರೆಯನ್ನು ಬಿಟ್ಟು ಹೊರಗೆ ಹೋಗುವ ದಾರಿ ಅದಕ್ಕೆ ಬೇಲಿಯೊಂದೇ.

ನಿಮ್ಮ ಜಿಲ್ಲೆಯನ್ನೇ ನೋಡಿ. ಕನ್ನಂಬಾಡಿ ಕಟ್ಟಿ ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಮಂಡ್ಯ, ಮದ್ದೂರು ಸುತ್ತಮುತ್ತ ಭತ್ತ, ಕಬ್ಬು ಬಂತು. ಬದುಕು ಹಸನಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗದ್ದೆ ಬಯಲಿನಲ್ಲಿ ಮುಳ್ಳು ಮೆಳೆಗೆ ಜಾಗ ಇಲ್ಲ. ಕಬ್ಬು ಎಷ್ಟು ಒತ್ತಾಗಿದ್ದರೂ ಕಟಾವು ಆದ ದಿನ ಬಟ್ಟ ಬಯಲು. ನಾಗಮಂಗಲ, ಮೇಲುಕೋಟೆ, ಕೃಷ್ಣರಾಜಪೇಟೆಯ ಮಳೆ ನಂಬಿದ ಹೊಲಗಳ ಕಡೆ ಹೋದರೆ ಚಿತ್ರವೇ ಬೇರೆ. ಅಲ್ಲಿ ಇನ್ನೂ ಹಳೇ ಬೇಲಿಗಳಿವೆ, ಬೋರೆ ಇದೆ, ಬಂಡೆ ಸಂದಿಯಲ್ಲಿ ಮೆಳೆ ಇದೆ. ಕಾಡುಪಾಪಕ್ಕೆ ಇಂಥದ್ದೇ ಬೇಕು. ಹಿರಿಯರು ದನ ನುಗ್ಗದಿರಲಿ ಅಂತ ಹಾಕಿದ ಬೇಲಿ ಅದು. ಎರಡು ಮೂರು ತಲೆಮಾರು ಯಾರೂ ಮುಟ್ಟದೆ ಬೆಳೆದು ಈ ಪ್ರಾಣಿಗೆ ಮನೆಯೂ ಆಗಿದೆ, ರಸ್ತೆಯೂ ಆಗಿದೆ.

ಬೆಂಗಳೂರಿನ ನಡುವಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕಾಡುಪಾಪಗಳಿವೆ. ಅಷ್ಟು ದೊಡ್ಡ ಊರಿನಲ್ಲಿ ಬದುಕಿವೆ ಅಂದರೆ ಕಾರಣ ಒಂದೇ, ಅಲ್ಲಿ ಮರದ ಕೊಂಬೆಗಳು ಒಂದಕ್ಕೊಂದು ತಾಗಿವೆ. ಮನುಷ್ಯರ ಓಡಾಟ, ಸದ್ದು ಅದಕ್ಕೆ ಅಷ್ಟೇನೂ ದೊಡ್ಡ ತೊಂದರೆಯಲ್ಲ. ಕೊಂಬೆಯಿಂದ ಕೊಂಬೆಗೆ ದಾರಿ ತಪ್ಪಿದ ದಿನ ಅದು ಹೋಯಿತು ಅಂತಲೇ ಲೆಕ್ಕ.

ಯಜಮಾನರ ಕಷ್ಟವೂ ನನಗೆ ಗೊತ್ತು. ಹಳೇ ಬೇಲಿ ವರ್ಷ ವರ್ಷ ಹೊಲದೊಳಕ್ಕೆ ಬರುತ್ತದೆ, ಉಳುವಾಗ ಸಾಲು ಕಡಿಮೆಯಾಗುತ್ತದೆ, ಹಂದಿ ತಡೆಯುವುದಿಲ್ಲ, ನೆರಳಿಗೆ ರಾಗಿ ಸೊರಗುತ್ತದೆ. ತಂತಿ ಬೇಡ ಅಂತ ನಾನು ಹೇಳುವುದಿಲ್ಲ. ಬೇಲಿಯನ್ನು ಬುಡಸಮೇತ ತೆಗೆಯಬೇಡಿ ಅಂತ ಹೇಳುತ್ತೇನೆ. ಕಲ್ಲುಕಂಬವನ್ನು ಬೇಲಿಯ ಒಳಮಗ್ಗುಲಿಗೆ, ಹೊಲದ ಕಡೆ ನೆಡಿಸಿ. ಹೊಲಕ್ಕೆ ಬಾಗಿದ ಕೊಂಬೆಗಳನ್ನು ಕತ್ತಿಯಲ್ಲಿ ಸವರಿ, ನೆರಳು ಕಡಿಮೆಯಾಗುತ್ತದೆ. ಹೊರಮಗ್ಗುಲು ಮತ್ತು ನೆತ್ತಿ ಹಾಗೇ ಇರಲಿ. ನೆತ್ತಿಯ ಕೊಂಬೆಗಳು ಒಂದಕ್ಕೊಂದು ತಾಗಿಕೊಂಡಿರಬೇಕು, ಅದೇ ಮುಖ್ಯ. ಒಂದೇ ವರ್ಷ ಪೂರ್ತಿ ಉದ್ದ ಸವರಬೇಡಿ. ಈ ವರ್ಷ ಒಂದು ಭಾಗ, ಅದು ಚಿಗುರಿದ ಮೇಲೆ ಇನ್ನೊಂದು. ಜಾಲಿ, ಹುಣಸೆ, ಹೊಂಗೆಯಂಥ ದೊಡ್ಡ ಮರ ಇದ್ದರೆ ಮುಟ್ಟಲೇಬೇಡಿ. ಖಾಲಿ ಬಿದ್ದ ಕಡೆ ಗೊಬ್ಬರದ ಗಿಡದ ಕಡ್ಡಿ ನೆಟ್ಟರೆ ಬೇಗ ಬರುತ್ತದೆ, ಸೊಪ್ಪು ಗೊಬ್ಬರಕ್ಕೂ ಆಗುತ್ತದೆ.

ಗಾಡಿ, ಟ್ರ್ಯಾಕ್ಟರ್ ಹೋಗಲು ಬೇಲಿ ಕಡಿದು ದಾರಿ ಮಾಡಿರುತ್ತೀರಿ. ಅಲ್ಲಿ ಎರಡೂ ಕಡೆಯ ಮರದ ಕೊಂಬೆ ಮೇಲೆ ಕೂಡುವಂತೆ ಬೆಳೆಯಲು ಬಿಡಿ. ಅಷ್ಟು ಎತ್ತರದ ಮರ ಇಲ್ಲದಿದ್ದರೆ ಒಂದು ಬಿದಿರಿನ ಗಳವನ್ನು ಟ್ರ್ಯಾಕ್ಟರ್‌ಗೆ ತಾಗದ ಎತ್ತರದಲ್ಲಿ ಅಡ್ಡ ಕಟ್ಟಿ. ಖರ್ಚಿಲ್ಲದ ಕೆಲಸ. ಬೇಲಿಯ ಪಕ್ಕದಲ್ಲೇ ಕರೆಂಟ್ ತಂತಿ ಹೋಗಿದ್ದರೆ ಲೈನ್‌ಮನ್‌ಗೆ ಹೇಳಿ ತಂತಿಗೆ ತಾಗುವ ಕೊಂಬೆ ಮಾತ್ರ ತೆಗೆಸಿ. ಹಂದಿ ಕಾಟಕ್ಕೆ ಅಂತ ತಂತಿ ಬೇಲಿಗೆ ನೇರವಾಗಿ ಕರೆಂಟ್ ಕೊಡುವುದನ್ನು ಮಾತ್ರ ಯಾವತ್ತೂ ಮಾಡಬೇಡಿ. ಅದು ಕಾನೂನಿಗೆ ವಿರುದ್ಧ. ಕಾಡುಪಾಪ ಬಿಡಿ, ಮನುಷ್ಯರೇ ಸಾಯುತ್ತಾರೆ.

ಕೀಳಿಸುವುದು ಆಗಲೇ ತೀರ್ಮಾನ ಆಗಿಬಿಟ್ಟಿದೆ, ಬೇರೆ ದಾರಿಯೇ ಇಲ್ಲ ಅಂದರೂ ಒಂದು ಮಾಡಿ. ಬೆಂಕಿ ಹಚ್ಚಬೇಡಿ. ಕೀಳುವುದಕ್ಕೆ ಮೊದಲು ಮಧ್ಯಾಹ್ನದ ಹೊತ್ತು ಬೇಲಿ ಉದ್ದಕ್ಕೂ ನಡೆದು ದಟ್ಟವಾದ ಮುಳ್ಳಿನ ಸಂದಿಗಳನ್ನು ನೋಡಿ. ಮಲಗಿದ್ದರೆ ಆ ಭಾಗ ಬಿಡಿ. ಇನ್ನೊಂದು ತುದಿಯಿಂದ ಶುರುಮಾಡಿ, ಪಕ್ಕದ ಹೊಲದ ಬೇಲಿಗೋ ಬೋರೆಯ ಮೆಳೆಗೋ ಸೇರುವ ಒಂದು ಸಾಲನ್ನಾದರೂ ಉಳಿಸಿ. ಮಲಗಿದ್ದಾಗ ಜೆಸಿಬಿ ಬಂದರೆ ಅದು ಎದ್ದು ಓಡುವುದಿಲ್ಲ. ಅಪಾಯ ಬಂದಾಗ ಅಲುಗಾಡದೆ ಕೊಂಬೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುವುದೇ ಅದಕ್ಕೆ ಗೊತ್ತಿರುವ ಉಪಾಯ. ಗೂಬೆಗೆ, ಕಾಡುಬೆಕ್ಕಿಗೆ ಕಾಣದಿರಲು ಆ ಉಪಾಯ ಸಾಕು.

ಅತ್ತೆಯವರ ಮಾತು. ಹಿರಿಯರ ಜೊತೆ ವಾದ ಮಾಡಿ ಅಂತ ಹೇಳುತ್ತಿಲ್ಲ. ಆದರೆ ಇದೊಂದು ಅವರಿಗೆ ಹೇಳಿ. ನೀವು ಕಂಡದ್ದು ಹೋದ ತಿಂಗಳಾದರೂ, ಅದು ಬಹುಶಃ ಆ ಬೇಲಿಯಲ್ಲೇ ಹುಟ್ಟಿದ್ದು. ಅತ್ತೆಯವರು ಆ ಹೊಲದಲ್ಲಿ ಕಳೆ ಕಿತ್ತ, ಕೊಯ್ಲು ಮಾಡಿದ ವರ್ಷಗಳಲ್ಲೆಲ್ಲ ಅದರ ತಾಯಿ, ಅಜ್ಜಿ ಅಲ್ಲೇ ಮಲಗಿರಬಹುದು. ಒಳ್ಳೆಯ ಬೆಳೆ ಬಂದ ವರ್ಷವೂ ಅವು ಅಲ್ಲೇ ಇದ್ದವು. ಕಂಡರೆ ಕೆಡುಕು ಅನ್ನುವ ಮಾತಿನಿಂದ ಈ ಪ್ರಾಣಿಗೆ ಆದ ಕೆಡುಕು ಮಾತ್ರ ಬಹಳ. ಮಾಟ ಮಾಡಿಸುವವರು ಇದನ್ನು ಹಿಡಿದು ಸೂಜಿ ಚುಚ್ಚುತ್ತಾರೆ, ಬೆಂಕಿಯಲ್ಲಿ ಸುಡುತ್ತಾರೆ. ಕಣ್ಣನ್ನು ಔಷಧಿ, ವಶೀಕರಣ ಅಂತ ಕೀಳುತ್ತಾರೆ. ಅದರ ಕಣ್ಣಿನಿಂದ ಯಾರ ಕಾಯಿಲೆಯೂ ವಾಸಿಯಾಗುವುದಿಲ್ಲ, ಯಾರ ಮನಸ್ಸೂ ತಿರುಗುವುದಿಲ್ಲ. ಊರಿನಲ್ಲಿ ಅಂಥವರು ಇದ್ದಾರೆ ಅನ್ನಿಸಿದರೆ ಬೇಲಿಯಲ್ಲಿ ಕಾಡುಪಾಪ ಇದೆ ಅನ್ನುವ ವಿಷಯ ನಿಮ್ಮ ಮನೆಯಲ್ಲೇ ಇರಲಿ. ಫೋಟೊ ತೆಗೆದರೂ ಊರು, ಹೊಲದ ಗುರುತು ಹಾಕಿ ವಾಟ್ಸಾಪ್ ಗುಂಪಿಗೆ ಬಿಡಬೇಡಿ.

ಕಾನೂನು ಬಹಳ ಗಟ್ಟಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಕಾಡುಪಾಪ ಇದೆ, ಹುಲಿ, ಆನೆ ಇರುವ ಪಟ್ಟಿಯಲ್ಲೇ. ಹಿಡಿದರೆ, ಸಾಕಿದರೆ, ಮಾರಿದರೆ, ಕೊಂದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಪಕ್ಕದ ತಮಿಳುನಾಡು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಜಾಗವನ್ನು ಕಡವೂರು ಕಾಡುಪಾಪ ಧಾಮ ಅಂತ ಘೋಷಿಸಿತು. ದೇಶದಲ್ಲಿ ಈ ಪ್ರಾಣಿಗೆಂದೇ ಆದ ಮೊದಲ ಧಾಮ ಅದು. ನಮ್ಮಲ್ಲೂ ಒಂದು ಆಗಬೇಕು ಅಂತ ನನಗೆ ಬಹಳ ಆಸೆ ಇದೆ. ಆದರೆ ಧಾಮ ಆದರೂ ಹಳ್ಳಿ ಹೊಲಗಳ ಬೇಲಿಯಲ್ಲಿರುವವು ಅದರ ಹೊರಗೇ ಉಳಿಯುತ್ತವೆ. ಅವು ರೈತರ ಕೈಯಲ್ಲಿವೆ.

ನೆಲದ ಮೇಲೆ, ರಸ್ತೆಯಲ್ಲಿ ಸಿಕ್ಕರೆ ಏನು ಮಾಡಬೇಕು ಅಂತಲೂ ತಿಳಿದಿರಲಿ. ಬರಿಗೈಯಲ್ಲಿ ಹಿಡಿಯಬೇಡಿ, ಚೆನ್ನಾಗಿ ಕಚ್ಚುತ್ತದೆ. ಮೊದಲು ನಾಯಿ ಓಡಿಸಿ. ಒಂದು ಉದ್ದನೆಯ ಕೊಂಬೆಯನ್ನು ಅದರ ಮುಂದೆ ಹಿಡಿಯಿರಿ, ತಾನಾಗಿ ಹತ್ತಿ ಬಿಗಿ ಹಿಡಿದುಕೊಳ್ಳುತ್ತದೆ. ಹಾಗೇ ಎತ್ತಿ ಹತ್ತಿರದ ಬೇಲಿಗೋ ಮರಕ್ಕೋ ತಾಗಿಸಿ, ಅಲ್ಲಿಗೆ ಸರಿದು ಹೋಗುತ್ತದೆ. ದೂರದ ಕಾಡಿಗೆ ಒಯ್ದು ಬಿಡಬೇಡಿ, ಅಲ್ಲಿ ದಾರಿ ಗೊತ್ತಿರುವುದಿಲ್ಲ, ಬೇರೆ ಕಾಡುಪಾಪಗಳ ಜಾಗವಾಗಿರುತ್ತದೆ. ಗಾಯ ಆಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯೊಳಗೆ ಒಂದು ಕೊಂಬೆ, ಹತ್ತಿ ಬಟ್ಟೆ ಇಟ್ಟು ಕತ್ತಲು ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹಾಲು, ಬಾಳೆಹಣ್ಣು ಕೊಡಬೇಡಿ. ಕಚ್ಚಿದರೆ ಬೇರೆ ಯಾವ ಕಾಡುಪ್ರಾಣಿ ಕಚ್ಚಿದಾಗ ಮಾಡುವಂತೆಯೇ ಸೋಪು ಹಾಕಿ ಹದಿನೈದು ನಿಮಿಷ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಮಕ್ಕಳಿಗೆ ತೋರಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ತೋರಿಸಿ, ತೋರಿಸಲೇಬೇಕು. ಟಾರ್ಚ್‌ನ ಗಾಜಿಗೆ ಕೆಂಪು ಬಣ್ಣದ ಪಾರದರ್ಶಕ ಕಾಗದವನ್ನು ಎರಡು ಮಡಿಕೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬರೀ ಬೆಳಕು ಅಷ್ಟು ದೊಡ್ಡ ಕಣ್ಣಿಗೆ ಕೋರೈಸುತ್ತದೆ, ಕೆಂಪು ಬೆಳಕು ಅಷ್ಟು ತೊಂದರೆ ಕೊಡುವುದಿಲ್ಲ. ರಾತ್ರಿ ಏಳೂವರೆ ಎಂಟರ ಹೊತ್ತಿಗೆ, ಗಾಳಿ ಮಳೆ ಇಲ್ಲದ ದಿನ ಹೋಗಿ. ಟಾರ್ಚ್ ಅನ್ನು ನಿಮ್ಮ ಕಣ್ಣಿನ ಮಟ್ಟಕ್ಕೇ ಹಿಡಿದುಕೊಳ್ಳಿ, ಕೆಳಗೆ ಹಿಡಿದರೆ ಹೊಳಪು ನಿಮ್ಮ ಕಣ್ಣಿಗೆ ವಾಪಸು ಬರುವುದಿಲ್ಲ. ಬೆಳಕನ್ನು ಬೇಲಿಯ ನೆತ್ತಿಯ ಮೇಲೆ ನಿಧಾನಕ್ಕೆ ಹರಿಸುತ್ತಾ ನಡೆಯಿರಿ. ಜೇಡದ ಕಣ್ಣು ಸಣ್ಣ ಚುಕ್ಕಿಯಾಗಿ ಹೊಳೆಯುತ್ತದೆ, ಅದಕ್ಕೆ ಮೋಸ ಹೋಗಬೇಡಿ. ಹತ್ತಿರ ಹತ್ತಿರ ಇರುವ ಎರಡು ಕೆಂಪು ಬಿಂದುಗಳು ಒಮ್ಮೆ ಮಾಯವಾಗಿ, ಒಂದು ಮೊಳ ಆಚೆ ಮತ್ತೆ ಕಂಡರೆ ಅದೇ. ಅಲ್ಲೇ ನಿಂತುಬಿಡಿ. ಹತ್ತು ನಿಮಿಷಕ್ಕಿಂತ ಜಾಸ್ತಿ ನೋಡಬೇಡಿ, ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬೇಡಿ, ಕೊಂಬೆ ಅಲ್ಲಾಡಿಸಬೇಡಿ. ಕಾಲಿಗೆ ಬೂಟು ಹಾಕಿಕೊಂಡು ಹೋಗಿ, ಅಂಥ ಬೇಲಿಯ ಬುಡದಲ್ಲಿ ಹಾವೂ ಇರುತ್ತವೆ.